ಒಂದು ಹನಿ ಅತ್ತರು

ಕಾದಂಬರಿ ಬರೆದ ತಪ್ಪಿಗೆ ಏನೇನೋ ಅನುಭವಿಸಬೇಕಾಗುತ್ತದೆ. ನನ್ನದು ಸಿನಿಮಾ ಬೇರೆ ಆಯಿತು. ಆಮೇಲೆ ಒಂದು ಕಡೆ ನೆಟ್ಟಗೆ ಕೂತ ನೆನಪೇ ನನಗಿಲ್ಲ. ತೊಂಬತ್ತರ ದಶಕದ ಮಾತು. ತೀರಿಕೊಂಡ ಹೆಂಡತಿಯ ಸೀರೆಯಲ್ಲಿದ್ದ ಪರಿಮಳವನ್ನು ಮತ್ತೆ ತಯಾರಿಸಬೇಕೆಂದು ಅತ್ತರು ಮಾರುವವನೊಬ್ಬ ಹುಚ್ಚನಂತೆ ಊರೂರು ಅಲೆಯುವ ಕಥೆ. ಹೆಸರು ‘ಒಂದು ಹನಿ ಅತ್ತರು’. ನನ್ನ ಹೆಂಡತಿ ಮಾತ್ರ ಒಂದೇ ಪುಟ ಓದಿ ಪುಸ್ತಕ ಮುಚ್ಚಿಟ್ಟಿದ್ದಳು.

“ಮೊದಲನೇ ಪುಟದಾಗ ಹೇಣ್ತಿನ್ನ ಕೊಂದೀರಿ. ಮುಂದ ಏನ ಓದೂದು?”

ಸಿನಿಮಾ ನೋಡಿಯಾದರೂ ಅವಳ ಕಣ್ಣು ಒದ್ದೆಯಾಗಲಿ ಎಂಬುದೊಂದೇ ನನ್ನ ಆಸೆ.

ಪೋಸ್ಟರ್

ಬೈಲಹೊಂಗಲದಲ್ಲಿ ಪೋಸ್ಟರ್ ಹಚ್ಚಿದ ದಿನ ಓಡಿ ಹೋಗಿ ಅದರ ಮುಂದೆ ನಿಂತೆ. ಪಕ್ಕದಲ್ಲಿ ಹತ್ತಿ ಪೇಟೆಯ ಇಬ್ಬರು ಹಮಾಲರು ಅಕ್ಷರ ಕೂಡಿಸಿ ಓದುತ್ತಿದ್ದರು.

“ಒಂದು ಹನಿ... ಅತ್ತರು. ಯಾರು ಅತ್ತಾರಲೇ?”

“ಯಾರೋ ದೊಡ್ಡ ಮಂದಿ ಇರಬೇಕು. ಅಂಥವರು ಒಂದ ಹನಿ ಅತ್ತರೂ ಸಿನಿಮಾ ತಗೀತಾರ. ನನ್ನ ಹೇಣ್ತಿ ದಿನಾ ಕೊಡಗಟ್ಟಲೆ ಅಳತಾಳ, ಒಬ್ಬರೂ ಕ್ಯಾಮರಾ ತರವಲ್ಲರು.”

ಕಾಕಂಬಿ

ಅಲ್ಲಿಂದ ಸಿನಿಮಾದ ಪ್ರಿಂಟು ಕಿತ್ತೂರು ಕಡೆಗೆ, ಎಂ.ಕೆ. ಹುಬ್ಬಳ್ಳಿಯ ಟೆಂಟಿಗೆ ಹೋಯಿತು. ಅದರ ಹಿಂದೆ ನಾನೂ. ನಾಯಕ ಕಣ್ಣು ಮುಚ್ಚಿ ಶೀಶೆಯ ಬಿರಡೆ ತೆಗೆಯುವ ಘಳಿಗೆ ಬಂತು. ಅಷ್ಟರಲ್ಲಿ ಗಾಳಿ ತಿರುಗಿ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಟೆಂಟಿನ ತುಂಬ ನುಗ್ಗಿತು. ಕಬ್ಬಿನ ಲಾರಿಯ ಡ್ರೈವರ್ ಒಬ್ಬ ಎದ್ದು ನಿಂತು ಪರದೆಗೆ ಕೈಮಾಡಿದ.

“ಯಪ್ಪಾ, ಮುಚ್ಚೋ ಅದನ್ನ! ಇದಕ್ಕ ಊರೂರು ಅಡ್ಡಾಡಿದಿ? ನಮ್ಮೂರಾಗ ಪುಕ್ಕಟ ಸಿಗತಿತ್ತು.”

ರೀಲು

ಸಿನಿಮಾದ ಮೊದಲ ರೀಲಿನಲ್ಲಿ ಮದುವೆ, ಎರಡನೆಯದರಲ್ಲಿ ಸಾವು. ಸವದತ್ತಿಯ ಆಪರೇಟರ್ ಮೊದಲನೆಯದನ್ನು ಕೊನೆಗೆ ಹಾಕಿಬಿಟ್ಟ. ಸತ್ತ ಹೆಂಡತಿ ಬಾಸಿಂಗ ಕಟ್ಟಿಕೊಂಡು ನಗುತ್ತ ಬಂದಳು. ಜನ ಸೀಟಿ ಹೊಡೆದದ್ದೇ ಹೊಡೆದದ್ದು. ನಾನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಆಪರೇಟರನ ಮೇಲೆ ಹರಿಹಾಯ್ದೆ.

“ಸುಮ್ಮನಿರ್ರಿ ಸರ. ಅಷ್ಟ ಅಡ್ಡಾಡಿದ ಮ್ಯಾಲ ಪಾಪ, ಹೇಣ್ತಿ ಸಿಕ್ಕಾಳ. ನೀವು ಯಾಕ ಅಡ್ಡ ಬರತೀರಿ?” ಎಂದ.

ರಾಮದುರ್ಗ

ಇದನ್ನು ಮನೆಯಲ್ಲಿ ಹೇಳಿದ್ದೇ ತಡ, ಹೆಂಡತಿ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಳು. “ಆಕಿ ಬದುಕತಾಳಂದ್ರ ನಾನೂ ಬರತೇನಿ.”

ಅಷ್ಟೊತ್ತಿಗೆ ಸಿನಿಮಾ ರಾಮದುರ್ಗಕ್ಕೆ ಬಂದಿತ್ತು, ಅದರ ಹಿಂದೆ ಅಲೆದು ನನಗೆ ನೆಗಡಿ ಹಿಡಿದು ಮೂಗು ಕಟ್ಟಿತ್ತು. ಅವಳ ತವರು ಸುರೇಬಾನ ಅಲ್ಲೇ ಹತ್ತಿರ. ಆದರೆ ಅಲ್ಲಿ ರೀಲುಗಳು ಸರಿಯಾಗಿಯೇ ಬಂದವು, ನಾಯಕನ ಹೆಂಡತಿ ಸತ್ತಳು. ನಾನು ಪರದೆ ಬಿಟ್ಟು ಇವಳ ಮುಖವನ್ನೇ ನೋಡುತ್ತಿದ್ದೆ. ಕಣ್ಣಲ್ಲಿ ಒಂದು ಹನಿಯೂ ಇಲ್ಲ. ಕೂರಲಾಗದೆ ಹೊರಗೆ ಹೋಗಿ ಚಹಾ ಕುಡಿದೆ, ಒಳಗೆ ಬಂದೆ, ಮತ್ತೆ ಹೊರಗೆ ಹೋದೆ. ಕೊನೆಯ ದೃಶ್ಯಕ್ಕೆ ಬಂದು ನೋಡಿದರೆ, ಇವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ! ಧಾರಾಕಾರ ನೀರು. ಹಿಂದಿನ ಸಾಲಿನ ಹೆಂಗಸರದ್ದೂ ಅದೇ ಅವಸ್ಥೆ. ಅಂತೂ ಇವಳು ನನ್ನ ಕಥೆಗೆ ಸೋತಳು ಎಂದು ಹಿಗ್ಗಿ ಕೈ ಹಿಡಿದುಕೊಂಡೆ.

“ಮನಸ್ಸಿಗೆ ಅಷ್ಟ ಹತ್ತಿತೇನ?”

“ಮನಸ್ಸಿಗಲ್ಲರಿ, ಕಣ್ಣಿಗೆ ಹತ್ತೇತಿ! ನೀವು ಹೊರಗ ಹೋದಾಗ ಟಾಕೀಸ್ ಮಾಲಕ ಬಂದು, ಹೆಸರಿಗೆ ತಕ್ಕಂಗ ಇರಲಿ ಅಂತ ಪಿಚಕಾರಿ ತುಂಬ ಅತ್ತರ ಹೊಡದ. ಒಂದ ಹನಿ ಅಂತ ನೀವು ಬರದೀರಿ, ಆತಗ ಓದಾಕ ಬರಂಗಿಲ್ಲೇನ್ರಿ?”