ಯಾಕೋಬನಲ್ಲದ ಹೆಸರು

ಕೂಸು ಹುಟ್ಟಿ ಹದಿನೆಂಟು ದಿನವಾದರೂ ಹೆಸರಿಟ್ಟಿರಲಿಲ್ಲ. ಆದರೂ ಬೀಗರು ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಫೋನ್ ಮಾಡಿ, "ನಮ್ಮ ಯಾಕೋಬ ಹಾಲು ಕುಡಿದನಾ?" ಎಂದು ವಿಚಾರಿಸುತ್ತಿದ್ದರು. ಯಾಕೋಬ ಎನ್ನುವುದು ಬೀಗರದೇ ಹೆಸರು. ಆ ಫೋನು ಬಂದಾಗಲೆಲ್ಲ ತಿದ್ದುಪಡಿಯವರಿಗೆ ಕುಡಿಯುತ್ತಿದ್ದ ಕಾಫಿ ಮೂಗಿಗೇರುತ್ತಿತ್ತು.

ತಿದ್ದುಪಡಿ ಎಂಬುದು ಅಚ್ಚುಕೂಟದವರು ಅವರಿಗೆ ದಯಪಾಲಿಸಿದ ಬಿರುದು. ಮೂವತ್ತೆಂಟು ವರ್ಷ ಕರಡು ತಿದ್ದಿ ಅವರು ನಿವೃತ್ತರಾಗಿದ್ದರು. ಕೆಂಪು ಪೆನ್ನು ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ. ಹೆಂಡತಿ ಬರೆದ ಸಾಮಾನಿನ ಚೀಟಿಯಲ್ಲಿ 'ಹಾಲುಗಡ್ಡೆ'ಯನ್ನು 'ಆಲೂಗಡ್ಡೆ' ಮಾಡಿದ ಮೇಲೆಯೇ ಅವರು ಅಂಗಡಿಗೆ ಹೊರಡುವುದು. ಮಗಳು ಮುಚ್ಚಿಟ್ಟಿದ್ದ ಪ್ರೇಮಪತ್ರ ಕೈಗೆ ಸಿಕ್ಕಿದ ದಿನ ಕೂಡ ಮೊದಲು ಅದರಲ್ಲಿದ್ದ ಹತ್ತೊಂಬತ್ತು ತಪ್ಪು ತಿದ್ದಿ, ಆಮೇಲೆ ಸಿಟ್ಟಾಗಿದ್ದರು. (ಆ ಹತ್ತೊಂಬತ್ತು ತಪ್ಪಿನ ಕರ್ತೃವೇ ಈಗ ಅಳಿಯ.)

ಬೀಗರ ಮೇಲಿನ ಹಗೆಗೂ ಒಂದಕ್ಷರವೇ ಕಾರಣ. ನಲ್ಲಿ, ಪೈಪು ಮಾರುವ ಆ ಮಹಾನುಭಾವರು ಮೂರು ವರ್ಷದ ಹಿಂದೆ ಮದುವೆಯ ಕಾಗದವನ್ನು ತಾವೇ ಮುಂದೆ ನಿಂತು ಅಚ್ಚು ಹಾಕಿಸಿದ್ದರು. ಕರಡನ್ನು ತೋರಿಸುವ ಸೌಜನ್ಯವೂ ಇಲ್ಲ. ಐನೂರು ಪ್ರತಿಗಳು ಬಂದಿಳಿದವು. ಚಿನ್ನದ ಬಣ್ಣದಲ್ಲಿ ದಪ್ಪಗೆ ಹೊಳೆಯುತ್ತಿತ್ತು: 'ಶುಭವಿವಾದ.'

"ಒಂದಕ್ಷರ ತಾನೇ ಬೀಗರೇ, ಆಕಾಶ ಏನು ಕಳಚಿ ಬೀಳತ್ತಾ?" ಎಂದು ನಕ್ಕು, ಬೀಗರು ಅವರ ಬೆನ್ನಿಗೆ ಗುದ್ದಿದ್ದರು.

ಅಂಥವರ ಹೆಸರು ಮೊಮ್ಮಗನಿಗೆ! ತಿದ್ದುಪಡಿಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯ ಮುಂದೆ ವಾದ ಮಂಡಿಸಿದರು.

"ನೋಡೇ, ಹೆಸರು ಶುರುವಾಗೋದೇ 'ಯಾಕೋ' ಅಂತ. ಕರೆದಾಗಲೆಲ್ಲ ಗದರಿಸಿದ ಹಾಗೆ. ಪಾಪ, ಕೂಸು ಜೀವನವಿಡೀ ಜವಾಬು ಹೇಳ್ಕೊಂಡು ತಿರುಗಬೇಕಾ?"

"ಕೂಸು ಸುಮ್ಮನೇ ಇದೆ. ಜವಾಬು ಹೇಳಿ ಹೇಳಿ ಸುಸ್ತಾಗಿರೋಳು ನಾನು," ಎಂದು ಹೆಂಡತಿ ಹಾಲಿನ ಪಾತ್ರೆ ಕುಕ್ಕಿದರು. "ಒಳಗೆ ಹೋಗಿ ಮಗಳ ಮುಖ ನೋಡಿ ಸ್ವಲ್ಪ."

ಮಗಳ ಮುಖ ಊದಿಕೊಂಡಿತ್ತು. ಅತ್ತ ಮಾವನ ಫೋನು, ಇತ್ತ ಅಪ್ಪನ ಭಾಷಣ. "ಅಪ್ಪಾ, ಭಾನುವಾರ ಚರ್ಚಿನಲ್ಲಿ ದೀಕ್ಷಾಸ್ನಾನ, ಹೆಸರಿಡೋದೂ ಅವತ್ತೇ. ಅಷ್ಟರೊಳಗೆ ನಿಮ್ಮಿಬ್ಬರದ್ದು ಮುಗೀಲಿಲ್ಲ ಅಂದ್ರೆ ನಾನು ಇವನನ್ನ 'ಏಯ್' ಅಂತಲೇ ಕರೀತೀನಿ. ದೊಡ್ಡವನಾದ ಮೇಲೆ ಬೇಕಾದ್ದು ಇಟ್ಕೊಳ್ಳಲಿ," ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ತಿದ್ದುಪಡಿಯವರ ಕರುಳು ಚುರುಕ್ಕೆಂದಿತು. ಹಾಗೆಂದು ಸೋಲಲಾದೀತೇ? ನಡುಮನೆಗೆ ಬಂದರೆ ಅಳಿಯ ಟಿವಿಗೆ ಮೂಗು ತಾಗಿಸಿಕೊಂಡು ಫುಟ್‌ಬಾಲ್ ನೋಡುತ್ತಿದ್ದ. ಯಾವನೋ ಗೋಲು ಹೊಡೆದ. "ಸಾಂತಿಯಾಗೊ! ಸಾಂತಿಯಾಗೊ!" ಎಂದು ಅಳಿಯ ಸೋಫಾದಿಂದ ನೆಗೆದ.

ತಿದ್ದುಪಡಿಯವರು ನಿಂತಲ್ಲೇ ನಿಂತರು. ಸಾಂತಿಯಾಗೊ! ಒಂದೂ ಒತ್ತಕ್ಷರವಿಲ್ಲ. ಕಿವಿಗೆ ಗಂಟೆ ಬಾರಿಸಿದ ಹಾಗಿದೆ. ಎಲ್ಲಕ್ಕಿಂತ ಮಿಗಿಲಾಗಿ, ಯಾಕೋಬನ ವಾಸನೆಯೂ ಇಲ್ಲ.

"ಅದು ಒಬ್ಬ ಸಂತನ ಹೆಸರು ಮಾವಾ," ಎಂದ ಅಳಿಯ. ಅಷ್ಟು ಸಾಕಾಯಿತು. ಚರ್ಚಿನಲ್ಲಿ ತಕರಾರೂ ಬರುವಂತಿಲ್ಲ.

"ಶಾಂತಿಯಾಗೋ?" ಎಂದರು ಹೆಂಡತಿ, ಸೌಟು ಹಿಡಿದು ಬಂದು. "ಯಾರಿಗೆ ಶಾಂತಿ?"

"ಶಾಂತಿಯಲ್ಲ, ಸಾಂತಿ! 'ಸ'ಕಾರ, 'ಸ'ಕಾರ!"

"ಯಾವ ಕಾರವೋ. ಮಗಳು ಒಪ್ಪಿದ್ರೆ ಸರಿ."

ಮಗಳು ಕಣ್ಣು ತೆರೆಯದೆಯೇ ಒಪ್ಪಿದಳು. ತಿದ್ದುಪಡಿಯವರು ಚರ್ಚಿನ ಅರ್ಜಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಹೆಸರು ಬರೆದು, ಮೂರು ಸಲ ಓದಿ, ಹೆಂಡತಿಯ ಕೈಯಲ್ಲಿ ಪಾದ್ರಿಗಳಿಗೆ ಕಳಿಸಿದರು. ಷರತ್ತು ಒಂದೇ: ಭಾನುವಾರದವರೆಗೆ ಬೀಗರ ಕಿವಿಗೆ ಬೀಳಕೂಡದು. ಬೀಗರ ಮುಖ ಇಂಗು ತಿಂದ ಹಾಗಾಗುವುದನ್ನು ಅವರು ಖುದ್ದಾಗಿ, ಮುಂದಿನ ಸಾಲಿನಲ್ಲಿ ಕುಳಿತು ನೋಡಬೇಕಿತ್ತು.

ಭಾನುವಾರ ಕೂಸಿನ ತಲೆಗೆ ನೀರು ಬಿತ್ತು. "ಸಾಂತಿಯಾಗೊ," ಎಂದರು ಪಾದ್ರಿಗಳು. ಬೀಗರ ಮುಖ ಸಪ್ಪಗಾಯಿತು. ಹೊಸ ಸೂಟಿನೊಳಗೆ ಅವರ ಭುಜ ಇಳಿದುಹೋಯಿತು. ತಿದ್ದುಪಡಿಯವರಿಗೆ ಮೂರು ವರ್ಷದ ಹಸಿವು ಹಿಂಗಿದಂತಾಯಿತು. ಅಷ್ಟರಲ್ಲಿ ಪಾದ್ರಿಗಳು ಕನ್ನಡಕ ಸರಿಮಾಡಿಕೊಂಡು ಪ್ರವಚನಕ್ಕೆ ತೊಡಗಿದರು.

"ಹೆಸರುಗಳು ಊರೂರು ಸುತ್ತಿದ ಹಾಗೆ ಬಟ್ಟೆ ಬದಲಾಯಿಸುತ್ತವೆ. ನಮ್ಮ ಯಾಕೋಬನನ್ನೇ ನೋಡಿ. ಇಂಗ್ಲಿಷರ ಬಾಯಲ್ಲಿ ಜೇಮ್ಸ್ ಆದ. ಸ್ಪೇನಿನವರ ಬಾಯಲ್ಲಿ ಯಾಗೊ ಆದ. ಮುಂದೆ 'ಸಂತ' ಸೇರಿಸಿ, ಸಂತ ಯಾಗೊ ಅಂತ ಬೇಗ ಬೇಗ ಹೇಳಿ ಹೇಳಿ ಸಾಂತಿಯಾಗೊ ಆಯಿತು. ಈ ಅಜ್ಜ ಬೀಗರ ಹೆಸರನ್ನು ಬರೀ ಇಟ್ಟಿಲ್ಲ. ಅದಕ್ಕೆ ಸಂತ ಪದವಿಯನ್ನೂ ಕೊಟ್ಟಿದ್ದಾರೆ!"

ತಿದ್ದುಪಡಿಯವರ ಕೈ ಜೇಬಿನಲ್ಲಿ ಕೆಂಪು ಪೆನ್ನಿಗಾಗಿ ತಡಕಾಡಿತು. ಬೀಗರು ಎರಡು ಬೆಂಚು ದಾಟಿ ಬಂದು ತಬ್ಬಿಕೊಂಡರು. ಆ ಅಪ್ಪುಗೆಯಲ್ಲಿ ಒಂದೆರಡು ಪಕ್ಕೆಲುಬು ಲಟಕ್ಕೆಂದವು.

"ನಮ್ಮ ಮನೆಯವರೂ ನನಗೆ ಇಂಥ ಮರ್ಯಾದೆ ಕೊಟ್ಟಿಲ್ಲ ಬೀಗರೇ. ನಾನೋ ಓದು ಬರಹ ಇಲ್ಲದೋನು. ನಿಮಗೆ ನನ್ನ ಕಂಡ್ರೆ ಆಗಲ್ಲ ಅಂತ ತಪ್ಪು ತಿಳ್ಕೊಂಡಿದ್ದೆ," ಎಂದು ಬೀಗರು ಮಗುವಿನಂತೆ ಅತ್ತರು. ತಿದ್ದುಪಡಿಯವರಿಗೆ ಜೀವನದಲ್ಲಿ ಮೊದಲ ಬಾರಿಗೆ ತಿದ್ದುವುದಕ್ಕೆ ಬಾಯಿ ಬರಲಿಲ್ಲ.

ಹೊರಗೆ ಮರದಡಿ ಹೆಂಡತಿಯನ್ನು ಹಿಡಿದು ನಿಲ್ಲಿಸಿದರು. "ನಿನಗೆ ಗೊತ್ತಿತ್ತಾ?"

"ಅರ್ಜಿ ಕೊಡೋಕೆ ಹೋದಾಗಲೇ ಫಾದರ್ ಹೇಳಿದ್ರು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಇನ್ನೊಂದು ಹುಡುಕ್ತಿದ್ರಿ. ನನ್ನ ಮಗಳು ಇವತ್ತು ಹೊಟ್ಟೆ ತುಂಬ ತಿಂಡಿ ತಿಂದ್ಲು. ನನಗೆ ಅಷ್ಟು ಸಾಕು."

ಊಟದ ಮೇಜಿನಲ್ಲಿ ಬೀಗರು ಎದ್ದು ನಿಂತು ಲೋಟ ಎತ್ತಿದರು. "ಮುಂದೆ ಹೆಣ್ಣು ಕೂಸು ಆದ್ರೆ ಅದಕ್ಕೂ ಹೆಸರು ಇವರೇ ಇಡ್ಬೇಕು! ಯಾರೂ ತುಟಿ ಬಿಚ್ಚೋ ಹಾಗಿಲ್ಲ!"

ತಿದ್ದುಪಡಿಯವರ ಎದೆಯಲ್ಲಿ ಬತ್ತಿಹೋಗಿದ್ದ ಚೈತನ್ಯ ಮತ್ತೆ ಉಕ್ಕಿತು. ಈ ಸಲ ಸ್ಪೇನು ಗೀನು ಯಾವುದರ ಸಹವಾಸವೂ ಬೇಡ. ಅಪ್ಪಟ ಹೆಸರು, ತಮ್ಮ ಮನೆಯ ಸ್ವತ್ತು. "ಹಾಗಾದ್ರೆ ಈಗಲೇ ಹೇಳಿಬಿಡ್ತೀನಿ," ಎಂದು ಮೇಜು ತಟ್ಟಿದರು. "ನಮ್ಮಮ್ಮನ ಹೆಸರು. ಎಲಿಸಬೇತ್!"

ಮದುವೆಯ ದಿನದಿಂದ ಇಂದಿನವರೆಗೆ ಗಂಡನ ಗದ್ದಲದಲ್ಲಿ ಒಂದು ಮಾತೂ ಆಡಲು ಅವಕಾಶ ಸಿಗದಿದ್ದ ಬೀಗಿತ್ತಿ ಮೇಜಿನ ಆ ತುದಿಯಲ್ಲಿ ಚಮಚ ಕೆಳಗಿಟ್ಟರು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಅಯ್ಯೋ ಅಣ್ಣಾ, ನನ್ನ ಹೆಸರೂನಾ?"

"ನಿಮ್ಮ ಹೆಸರು ಇಸಬೆಲ್ಲಾ ಅಲ್ವೇನಮ್ಮಾ?"

ಪಕ್ಕದಲ್ಲಿ ಕುಳಿತಿದ್ದ ಪಾದ್ರಿಗಳು ಬಾಯಿ ಒರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು, "ಎಲಿಸಬೇತಳೂ ಸ್ಪೇನಿಗೆ ಹೋಗಿ ಬಟ್ಟೆ ಬದಲಾಯಿಸಿದ್ದಾಳೆ," ಎಂದು ಶುರು ಮಾಡಿದರು. ತಿದ್ದುಪಡಿಯವರ ಹೆಂಡತಿ ಗಂಡನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿ, "ಬಾಯಿ ತುಂಬ ಊಟ ಮಾಡಿ. ಅದೇ ಒಳ್ಳೇದು," ಎಂದರು.