ನಾಲ್ಕನೇ ಸುತ್ತಿನಲ್ಲಿ ಗೆದ್ದ ಅಧ್ಯಕ್ಷರು

ಅಂದು ಬೆಳಿಗ್ಗೆ ಆನಂದತೀರ್ಥರು ಮಿಲ್ಪಿಟಾಸ್‌ನ ‘ಬೇವು ಬೆಲ್ಲ’ ಕನ್ನಡ ಕೂಟದ ಅಡುಗೆ ಉಸ್ತುವಾರಿಗೆ ರಾಜೀನಾಮೆ ಕೊಟ್ಟು, ಅಧ್ಯಕ್ಷ ಸ್ಥಾನಕ್ಕೆ ನಿಂತರು. ಹನ್ನೊಂದು ವರ್ಷ ನಾನೂರು ಜನರ ಬಿಸಿಬೇಳೆಬಾತ್ ತಿರುವಿದ ಮನುಷ್ಯನಿಗೆ, ಒಂದು ನಾಟಕವನ್ನಾದರೂ ಮುಂದಿನ ಸಾಲಿನಲ್ಲಿ ಕೂತು ಕೊನೆತನಕ ನೋಡುವ ಆಸೆ ಇರಬಾರದೇ? ಅಡುಗೆಮನೆಯ ಬಾಗಿಲಿನಿಂದ ಅವರಿಗೆ ಇಷ್ಟು ವರ್ಷ ಕಂಡದ್ದು ಅಧ್ಯಕ್ಷರ ಶಾಲು ಮತ್ತು ಹಾರ ಮಾತ್ರ.

ಕೂಟದ ನಿಯಮಾವಳಿ ಬರೆದ ಪುಣ್ಯಾತ್ಮರು, ಯಾವುದೋ ದೇಶದ ಸಂಸತ್ತು ತನ್ನ ರಾಷ್ಟ್ರಪತಿಯನ್ನು ಆರಿಸುವ ಕ್ರಮವನ್ನು ಹಾಗೇ ಇಳಿಸಿಕೊಂಡಿದ್ದರು. ಮೊದಲ ಮೂರು ಸುತ್ತುಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು. ನಾಲ್ಕನೆಯದರಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಬಂದರೆ ಸಾಕು. ಅಧ್ಯಕ್ಷರು ಸಿಗುವವರೆಗೆ ಯಾರಿಗೂ ಊಟವಿಲ್ಲ.

ಹನುಮಂತರಾಜು, ಶಿವಪ್ರಕಾಶ್ ಎಂಬ ಇನ್ನಿಬ್ಬರು ಸದಸ್ಯರ ಹೆಸರನ್ನೂ ಯಾರೋ ಸೂಚಿಸಿಬಿಟ್ಟರು.

“ಅಯ್ಯೋ, ನನ್ನನ್ನ ಬಿಟ್ಬಿಡ್ರಪ್ಪಾ. ಆನಂದತೀರ್ಥ ಅವ್ರೇ ಆಗ್ಲಿ,” ಎಂದು ಹನುಮಂತರಾಜು ಕೈಮುಗಿದರು.

ಎರಡನೇ ಸಲ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿದು ಮೂರು ಬಾರಿ ಬೇಡವೆಂದು, ನಾಲ್ಕನೇ ಬಾರಿಗೆ ಹಾಕಿಸಿಕೊಳ್ಳುವ ಮೈಸೂರಿನ ಮನೆಯಲ್ಲಿ ಬೆಳೆದವರು ಆನಂದತೀರ್ಥರು. ‘ಎಷ್ಟು ನಾಜೂಕಾಗಿ ಪ್ರಚಾರ ಮಾಡ್ತಾನೆ, ಖದೀಮ!’ ಎಂದು ಹಲ್ಲು ಕಚ್ಚಿದರು.

ಮೊದಲ ಸುತ್ತು. ಅರವತ್ತು ಮತಗಳಲ್ಲಿ ಹನುಮಂತರಾಜುಗೆ ಮೂವತ್ತು, ಶಿವಪ್ರಕಾಶ್‌ಗೆ ಇಪ್ಪತ್ತು, ಇವರಿಗೆ ಹತ್ತು. ಆನಂದತೀರ್ಥರು ಥಟ್ಟನೆ ಎದ್ದರು. ಸಾಲು ಸಾಲಿಗೂ ಹೋಗಿ ಮತ ಕೇಳಿದರು. ಹನುಮಂತರಾಜುವೂ ಬಿಡದೆ ಸಾಲು ಸಾಲಿಗೂ ಹೋದರು. ಶಿವಪ್ರಕಾಶ್ ಅಂತೂ ಒಬ್ಬೊಬ್ಬರ ಕಿವಿಯಲ್ಲೂ ಪಿಸುಗುಟ್ಟಿದರು.

ಎರಡನೇ ಸುತ್ತಿನಲ್ಲಿ ಇವರಿಗೆ ಇಪ್ಪತ್ತು. ಮೂರನೆಯದರಲ್ಲಿ ಮೂವತ್ತೈದು! ಇನ್ನು ಐದು ಬಂದಿದ್ದರೆ ಗೆಲುವು. ಹಿಂದಿನ ಸಾಲಿನಿಂದ ಹೆಂಡತಿ ಜಲಜಾ ಎರಡೂ ಕೈ ಆಡಿಸಿ ಬೇಡ ಬೇಡವೆಂದರು. ಮೆರೆಯಬೇಡಿ, ದೃಷ್ಟಿಯಾದೀತು ಎನ್ನುತ್ತಿದ್ದಾಳೆಂದು ತಿಳಿದು ಇವರು ಮುಖದ ನಗುವನ್ನು ಕೊಂಚ ಇಳಿಸಿಕೊಂಡರು.

“ಗಿಲ್‌ರಾಯ್‌ವರೆಗೂ ಡ್ರೈವ್ ಮಾಡ್ಬೇಕು ನಾವು. ಬೇಗ ಮುಗಿಸ್ರೀ!” ಎಂದು ಯಾರೋ ಕೂಗಿದರು.

ನಾಲ್ಕನೇ ಸುತ್ತು. ಹಳೆಯ ಅಧ್ಯಕ್ಷೆ ಜವರಮ್ಮ ಚೀಟಿಗಳನ್ನು ಎಣಿಸಿ ಘೋಷಿಸಿದರು: “ಆನಂದತೀರ್ಥ, ಐವತ್ತೊಂಬತ್ತು! ಹನುಮಂತರಾಜು, ಒಂದು!”

ಸಭಾಂಗಣ ಚಪ್ಪಾಳೆಯಿಂದ ಅದುರಿತು. ಹನುಮಂತರಾಜು ಓಡಿ ಬಂದು ಇವರನ್ನು ಎತ್ತಿ ಕುಣಿಸಿದರು. ಶಿವಪ್ರಕಾಶ್ ಕಣ್ಣೊರೆಸಿಕೊಂಡು, “ನನ್ ಜನ್ಮದಲ್ಲಿ ಇಷ್ಟು ಖುಷಿ ಆಗಿರ್ಲಿಲ್ಲ ಸಾರ್,” ಎಂದರು. ಸೋತವರು ಹೀಗೆ ಸಂಭ್ರಮಿಸುವುದನ್ನು ಆನಂದತೀರ್ಥರು ಕಂಡಿರಲಿಲ್ಲ. ಆದರೂ ಆ ಒಂದು ಮತ ಮುಳ್ಳಿನಂತೆ ಚುಚ್ಚುತ್ತಿತ್ತು. ಯಾರು ಆ ದ್ರೋಹಿ?

ಜವರಮ್ಮ ಶಾಲು ಹೊದಿಸಿ, ಗೋದಾಮಿನ ಬೀಗದ ಕೈ ಗೊಂಚಲನ್ನೂ ಒಂದು ದಪ್ಪ ಫೈಲನ್ನೂ ಕೈಗಿತ್ತರು. “ಹಾಲ್ ಬುಕಿಂಗು, ಕುರ್ಚಿ ಜೋಡ್ಸೋದು, ಪಾರ್ಕಿಂಗು, ಕಂಪ್ಲೇಂಟು, ಎಲ್ಲಾ ಅಧ್ಯಕ್ಷರದ್ದೇ ಕಣಪ್ಪಾ. ಖಾಲಿ ಬಿದ್ದಿರೋ ಹುದ್ದೆ ಕೆಲ್ಸಾನೂ ಅಧ್ಯಕ್ಷರೇ ಮಾಡ್ಬೇಕು. ಸದ್ಯಕ್ಕೆ ಖಾಲಿ ಇರೋದು ಅಡುಗೆ ಉಸ್ತುವಾರಿ ಒಂದೇ.”

ಆನಂದತೀರ್ಥರು ಹನುಮಂತರಾಜುಗಾಗಿ ಸುತ್ತ ನೋಡಿದರು. ಅವರು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದರು.

ಜಲಜಾ ಮೆಲ್ಲಗೆ ಪಕ್ಕಕ್ಕೆ ಬಂದರು.

“ಆ ಒಂದ್ ಓಟು ನಂದೇ ರೀ. ನಿಮ್ಮನ್ನ ಉಳಿಸ್ಕೊಳ್ಳೋಕೆ ನೋಡ್ದೆ, ಆಗ್ಲಿಲ್ಲ.”