ಚಿಕ್ಕಮ್ಮನ ಇನ್ನೂರು ವರ್ಷದ ಗೆಳತಿ

ನಮ್ಮ ಚಿಕ್ಕಮ್ಮನ ಪ್ರಾಣಸ್ನೇಹಿತೆ ತೀರಿಕೊಂಡು ಇನ್ನೂರು ವರ್ಷವಾಗಿದೆ. ಚಿಕ್ಕಮ್ಮ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿಲ್ಲ. "ಆಯಮ್ಮ ಏನ್ ಹೇಳ್ತಾಳೆ ಗೊತ್ತಾ?" ಎಂದೇ ಮಾತು ಶುರು ಮಾಡುತ್ತಾಳೆ!

ಸಿಟಿಜನ್‌ಶಿಪ್ ಪರೀಕ್ಷೆಗೆ ಓದಲೆಂದು ತನ್ನೂರು ಪ್ಲಿಮತ್‌ನ ಲೈಬ್ರರಿಗೆ ಹೋದವಳು, ಅಮೆರಿಕ ಹುಟ್ಟಿದ ಕಾಲದ ಅಧ್ಯಕ್ಷರೊಬ್ಬರ ಹೆಂಡತಿ ಬರೆದ ಕಾಗದಗಳ ದಪ್ಪ ಪುಸ್ತಕ ಹೊತ್ತು ತಂದಳು. ಗಂಡ ದೇಶ ಕಟ್ಟಲು ಊರೂರು ಅಲೆಯುತ್ತಿದ್ದ. ಈಕೆ ಹೊಲ, ಹಸು, ಮಕ್ಕಳು, ಸಿಡುಬು ಎಲ್ಲವನ್ನೂ ನಿಭಾಯಿಸುತ್ತ ಅವನಿಗೆ ಬುದ್ಧಿ ಹೇಳಿ ಬರೆಯುತ್ತಿದ್ದಳು. ನಾಲ್ಕು ಪುಟ ಓದಿದ್ದೇ ತಡ, ಹತ್ತಿರದ ವಾರೆನ್ ಊರಿನ ಆಫೀಸಿನಲ್ಲಿದ್ದ ನನಗೆ ಫೋನ್ ಬಂತು.

"ಇದು ನನ್ನದೇ ಕಥೆ ಕಣೇ!"

ಅಲ್ಲ ಎನ್ನುವ ಧೈರ್ಯ ಯಾರಿಗಿದೆ? ಚಿಕ್ಕಪ್ಪನ ಕೆಲಸ ಷಿಕಾಗೋದಲ್ಲಿ. ವಾರವೆಲ್ಲ ಅಲ್ಲೇ ಇದ್ದು, ಶುಕ್ರವಾರ ಸಂಜೆ ನಾಲ್ಕೈದು ಗಂಟೆ ಡ್ರೈವ್ ಮಾಡಿಕೊಂಡು ಬಂದರೆ ಶನಿವಾರ, ಭಾನುವಾರ ಕನ್ನಡ ಕೂಟದ ಸೇವೆ. ಏಕೆಂದರೆ ಅವರೂ ಅಧ್ಯಕ್ಷರೇ, ಕೂಟಕ್ಕೆ! ಹೊಲ, ಹಸು ಇಲ್ಲದಿದ್ದರೇನು, ಮನೆ ಬಿಸಿ ಮಾಡುವ ಫರ್ನೇಸು, ಲಾನ್ ಮೋವರ್ ಇಲ್ಲವೇ?

"ಅವಳ ಗಂಡ ಯುದ್ಧದ ಮಧ್ಯೆನೂ ಉದ್ದುದ್ದ ಉತ್ತರ ಬರೀತಿದ್ದ. ನಮ್ಮನೆಯವರು ಏನ್ ಕೇಳಿದ್ರೂ ವಾಟ್ಸಾಪಲ್ಲಿ ಹೆಬ್ಬೆಟ್ಟು!"

ಆಯಮ್ಮ ಇನ್ನೂ ಕಟ್ಟಿ ಮುಗಿಯದ ಅಧ್ಯಕ್ಷರ ಭವನದ ದೊಡ್ಡ ಹಾಲಿನಲ್ಲೇ ಬಟ್ಟೆ ಒಣಗಿಸುತ್ತಿದ್ದಳಂತೆ. ಅದನ್ನು ಓದಿದ ದಿನವೇ ಚಿಕ್ಕಮ್ಮ ಡ್ರೈಯರಿಗೆ ವಿಶ್ರಾಂತಿ ಕೊಟ್ಟು ಡೈನಿಂಗ್ ರೂಮಿಗೆ ಅಡ್ಡಡ್ಡ ಹಗ್ಗ ಕಟ್ಟಿದಳು. (ಹಿತ್ತಲಿನಲ್ಲಿ ಕಟ್ಟಲು ಬಡಾವಣೆಯ ರೂಲ್ಸ್ ಬಿಡುವುದಿಲ್ಲ.) ಭಾನುವಾರ ಕೂಟದ ಕಮಿಟಿ ಮೀಟಿಂಗ್ ಅಲ್ಲೇ ನಡೆಯಿತು. ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಕೆಳಗೇ ಖಜಾಂಚಿಗಳ ಉಪ್ಪಿಟ್ಟಿನ ತಟ್ಟೆ.

"ಏನೇ ಇದು ಅವತಾರ?" ಚಿಕ್ಕಪ್ಪ ಹಲ್ಲು ಕಚ್ಚಿದರು.

"ಅಧ್ಯಕ್ಷರ ಹೆಂಡ್ತೀರು ಹಾಲಲ್ಲೇ ರೀ ಒಣಗಿಸೋದು. ಪದ್ಧತಿ!"

ಖಜಾಂಚಿಗಳು ಪಾಪ, ತಟ್ಟೆಯನ್ನು ಸ್ವಲ್ಪ ಎಡಕ್ಕೆ ಸರಿಸಿ ಇನ್ನೊಂದು ಸೌಟು ಹಾಕಿಸಿಕೊಂಡರು.

ಹೋದ ತಿಂಗಳು ಷಿಕಾಗೋದ ಕಂಪನಿಯವರು ಚಿಕ್ಕಪ್ಪನಿಗೆ ಕಾಂಟ್ರಾಕ್ಟಿಗೆ ಸೈನ್ ಮಾಡಿ ಇನ್ನೂ ಎರಡು ವರ್ಷ ಇರಿ ಎಂದರು. ಚಿಕ್ಕಮ್ಮ ಫೋನ್ ಬದಿಗಿಟ್ಟು ಪೆನ್ನು ಹಿಡಿದಳು. ಗೆಳತಿಯ ಹಾಗೆ ಕಾಗದ ಬರೆದು, ಸ್ಟಾಂಪ್ ಹಚ್ಚಿ ಪೋಸ್ಟ್ ಮಾಡಿದಳು. ಚಿಕ್ಕಪ್ಪನಿಗೊಂದು ಚಾಳಿ: ಬಂದದ್ದನ್ನೆಲ್ಲ ಓದದೆ ಫಾರ್ವರ್ಡ್ ಮಾಡುವುದು. ಷಿಕಾಗೋದಲ್ಲಿ ನಮ್ಮವರ ಅಂಗಡಿಗಳ ಬೀದಿ ಡೆವನ್ ಅವೆನ್ಯೂನಲ್ಲಿ ಪಾರ್ಕಿಂಗ್ ಹುಡುಕಿ ಸುಸ್ತಾಗಿ, ದಿನಸಿ ಅಂಗಡಿಯ ಕ್ಯೂನಲ್ಲಿ ಕವರ್ ಒಡೆದರು. ಮೇಲೆ "ಮಾನ್ಯ ಅಧ್ಯಕ್ಷರಿಗೆ" ಎಂದಿತ್ತು. ಯಾರೋ ಸದಸ್ಯರ ಅಹವಾಲು ಎಂದುಕೊಂಡು ಫೋಟೋ ತೆಗೆದು ಕೂಟದ ಗ್ರೂಪಿಗೆ ಹಾಕಿ, "ದಯವಿಟ್ಟು ಎಲ್ಲರೂ ಗಮನಿಸಿ" ಎಂದು ಸೇರಿಸಿದರು! ಹೆಂಡತಿಯ ಕೈಬರಹ ಗುರುತು ಸಿಗಲಿಲ್ಲವೇ? ಉಪ್ಪು, ಬೇಳೆ ತನ್ನಿ ಅನ್ನುವುದೂ ವಾಟ್ಸಾಪಿನಲ್ಲೇ ಆದರೆ ಎಲ್ಲಿಂದ ಸಿಗಬೇಕು!

ಎಲ್ಲರೂ ಗಮನಿಸಿದರು. "ಆಂಟಿ ಸೂಪರ್!" "ಅಂಕಲ್, ಸೈನ್ ಮಾಡ್ಬೇಡಿ!" ಒಬ್ಬರಂತೂ ಅದರಲ್ಲಿ ಬರುವ ಫರ್ನೇಸ್ ರಿಪೇರಿಯವನ ನಂಬರ್ ಕೇಳಿದರು. ಎಲ್ಲರಿಗಿಂತ ಕೊನೆಗೆ ಓದಿದವರು ಚಿಕ್ಕಪ್ಪ.

ಮರುದಿನ ಮಧ್ಯಾಹ್ನ ರಜ ಹಾಕಿ ಚಿಕ್ಕಮ್ಮನನ್ನು ಸಮಾಧಾನ ಮಾಡಲು ಹೋಗಿದ್ದೆ. "ಮಾನ ಹರಾಜಾಯ್ತು ಕಣೇ" ಎಂದು ಹುರುಳಿಕಾಯಿ ಹೆಚ್ಚುತ್ತಿದ್ದಳು. ಗರಾಜಿನ ಬಾಗಿಲು ಸದ್ದಾಯಿತು. ನೋಡಿದರೆ ಚಿಕ್ಕಪ್ಪ!

"ಇವತ್ತು ಬುಧವಾರ ಅಲ್ವಾ? ಹುಷಾರಿಲ್ವೇನ್ರೀ?"

"ಊಟಕ್ಕೆ ಕೂತಾಗ ಟೀವಿ ಹಾಕ್ಕೋತೀಯಂತೆ, ಮನೇಲಿ ಯಾರೋ ಮಾತಾಡ್ತಾ ಇರ್ಲಿ ಅಂತ. ನಂಗ್ಯಾಕೆ ಹೇಳ್ಲಿಲ್ಲ?"

"ಬರ್ದಿದ್ನಲ್ಲ."

"ಹ್ಞೂಂ, ಓದಿದೆ. ಎರಡು ವರ್ಷ ಆಗಲ್ಲ, ಈ ತಿಂಗಳಿಗೆ ಸಾಕು ಅಂತ ಅವರಿಗೆ ಹೇಳ್ಬಿಟ್ಟು ಬಂದೆ."

ಸತ್ತ ಗೆಳತಿಯ ಮಾತನ್ನೆಲ್ಲ ಬಾಯಿಪಾಠ ಒಪ್ಪಿಸುವ ಚಿಕ್ಕಮ್ಮ ಹುರುಳಿಕಾಯಿ ಅಲ್ಲೇ ಬಿಟ್ಟು ಎದ್ದಳು. ಕಣ್ಣೊರೆಸಿಕೊಂಡು ಎರಡು ತಟ್ಟೆ ಇಟ್ಟಳು. ನಾನು ಕಾರಿನ ಕೀ ತೆಗೆದುಕೊಂಡು ಮೆಲ್ಲಗೆ ಎದ್ದೆ. ಆ ಮನೆಯಿಂದ ಊಟ ಮಾಡದೆ ಹೊರಟವರನ್ನು ನಾನು ಕಂಡಿಲ್ಲ. ಅವತ್ತು ಮಾತ್ರ, ನಾನೂ ಅಲ್ಲಿದ್ದೇನೆ ಎಂಬುದು ಅವರಿಬ್ಬರಿಗೂ ನೆನಪಾಗಲೇ ಇಲ್ಲ.